ಒಂದೇ ಕನ್ನಡಕ

ಸತ್ತವರ ಕಣ್ಣಿನ ವಿಷಯ ಎತ್ತುವುದು ಸರಿಯಲ್ಲವೇನೋ. ಎತ್ತುತ್ತಿರುವುದಕ್ಕೆ ಮೊದಲೇ ಕ್ಷಮೆ ಇರಲಿ.

ಜಲಜಾ ಅಕ್ಕಿಯ ತಟ್ಟೆಯನ್ನು ಪಕ್ಕದವಳಿಗೆ ದಾಟಿಸಿ ಹಿಂದೆ ಸರಿದಳು. ಗೋಣಿಬೀಡಿನ ಆ ಮನೆಯ ಕಾಫಿ ಕಣದಲ್ಲಿ, ಚಾಪೆಯ ಮೇಲೆ, ಅವಳ ಗಂಡನ ಅಕ್ಕ ಪ್ರೇಮಲತಾಳನ್ನು ಮಲಗಿಸಿದ್ದರು. ನೆಂಟರು ಒಬ್ಬೊಬ್ಬರಾಗಿ ಬಾಯಿಗೆ ಅಕ್ಕಿ ಹಾಕುತ್ತಿದ್ದರು.

"ನೀನೂ ಎರಡು ಕಾಳು ಹಾಕೇ," ಎಂದ ಗಂಡ ದಯಾನಂದ ತಗ್ಗಿದ ದನಿಯಲ್ಲಿ.

"ಬದುಕಿದ್ದಾಗ ನನ್ನ ಮುಖ ನೋಡದವ್ರ ಬಾಯಿಗೆ ನಾನ್ಯಾಕೆ ಹಾಕ್ಲಿ?"

"ಅದೊಂದು ನಿಜ ಮಾರಾಯ," ಎಂದರು ದಯಾನಂದನ ದೊಡ್ಡಮ್ಮ ಕೃಷ್ಣಮ್ಮ. "ಸಕ್ಕರೆ ಕಾಯಿಲೆ ಅಂತ ನಾನು ಚಿಕ್ಕಮಗಳೂರಲ್ಲಿ ಕಣ್ಣಿಗೆ ಲೇಸರ್ ಹೊಡ್ಸ್ಕೊಂಡು ಬಂದ್ನಲ್ಲ, ಆವತ್ತೂ ಅವ್ಳು ಮಾತಾಡ್ಸಿದ್ದು ನನ್ನನ್ನಲ್ಲ, ಗೋಡೆ ಕ್ಯಾಲೆಂಡರನ್ನ! ಲ್ಯಾಬಲ್ಲಿ ಕೆಲ್ಸ ಮಾಡಿದ ಜಂಬ."

ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

*

ವರ್ಷಗಳ ಹಿಂದೆ, ಜಲಜಾಳ ಮಗಳು ಸೌಂದರ್ಯಳನ್ನು ತೊಟ್ಟಿಲಿಗೆ ಹಾಕಿದ ದಿನ. ಪ್ರೇಮಲತಾ ಪೇಟೆಯ ಲ್ಯಾಬ್ ಬಿಟ್ಟು ಆಗಷ್ಟೇ ತವರಿಗೆ ಬಂದಿದ್ದಳು. ಜಲಜಾ ಮಗುವನ್ನು ಅವಳ ಮಡಿಲಲ್ಲಿಟ್ಟಳು. ಪ್ರೇಮಲತಾ ಒಮ್ಮೆ ಬಾಗಿ, ಕತ್ತು ತಿರುಗಿಸಿ, ಕಿಟಕಿಯ ಕಡೆ ನೋಡುತ್ತ ಕೂತುಬಿಟ್ಟಳು.

"ಹೆಣ್ಣು ಅಂತ ಬೇಜಾರಾ ಅಕ್ಕಾ?"

"ಛೆ, ಎಷ್ಟು ಚೆನ್ನಾಗಿದಾಳೆ," ಎಂದಳು, ಕಿಟಕಿಗೆ ಹೇಳಿದ ಹಾಗೆ.

ಜಲಜಾ ಮಗುವನ್ನು ಕಿತ್ತುಕೊಂಡಳು. ಮತ್ತೆಂದೂ ಅವಳ ಕೈಗೆ ಕೊಡಲಿಲ್ಲ. ಕಾಫಿ ಬೀಜದಲ್ಲಿ ಕಪ್ಪು ಕಾಳು ಆರಿಸಲು ಪ್ರೇಮಲತಾ ಬಾರದಿದ್ದಾಗ ಆಳುಗಳೆದುರೇ "ಮಹಾರಾಣಿ" ಎಂದಳು. ಪ್ರೇಮಲತಾ ಅದಕ್ಕೂ ಎತ್ತಲೋ ನೋಡುತ್ತ ನಕ್ಕಿದ್ದಳು.

*

ಹೆಣವನ್ನು ಚಟ್ಟಕ್ಕೆ ಎತ್ತುವ ಹೊತ್ತಿಗೆ ಕಾರಿನಿಂದ ಒಬ್ಬರು ಇಳಿದರು. ಹರ್ಷವರ್ಧನ, ಪ್ರೇಮಲತಾ ಕೆಲಸ ಮಾಡಿದ್ದ ಲ್ಯಾಬಿನವರು.

"ಕೊನೆಕೊನೆಗೆ ಅವ್ರಿಗೆ ಕಣ್ಣು ಎಷ್ಟು ಕಾಣ್ತಿತ್ತು?" ಎಂದು ಕೇಳಿದರು.

"ಕಣ್ಣಿಗೇನಾಗಿತ್ತು?" ಎಂದಳು ಜಲಜಾ.

ಅವರ ಮುಖ ಬಿಳಿಚಿತು. "ಹೇಳಿಲ್ವಾ? ನಾವು ಕಣ್ಣಿನ ಆಸ್ಪತ್ರೆಗೆ ಅಂತ ಲೇಸರ್ ಮಾಡ್ತಿದ್ವಿ. ಅಕ್ಕಿ ಕಾಳಿಗಿಂತ ಸಣ್ಣ ಚಿಪ್. ಅದರ ಬೆಳಕು ಕಣ್ಣಿಗೆ ಕಾಣಲ್ಲ. ಅವ್ರು ಲೆನ್ಸ್ ಸರಿಮಾಡ್ತಿರುವಾಗ್ಲೇ ಆನ್ ಆಗೋಯ್ತು. ಎರಡೂ ಕಣ್ಣಿನ ನಡುಭಾಗ ಸುಟ್ಟೋಯ್ತು. ನೇರ ನೋಡಿದ್ರೆ ಮುಖ ಇರೋ ಜಾಗದಲ್ಲಿ ಬರೀ ಕಪ್ಪು. ಕತ್ತು ತಿರುಗಿಸಿದ್ರೆ, ಓರೆಯಲ್ಲಿ ಒಂಚೂರು ಕಾಣೋದು."

"ಕಣ್ಣಿಗೆ ಏನೂ ಹಾಕ್ಕೊಳ್ತಿರ್ಲಿಲ್ವಾ?"

"ಲೇಸರ್ ತಡೆಯೋ ಕನ್ನಡಕ ಇತ್ತು. ಒಂದೇ."

"ಯಾರು ಹಾಕ್ಕೊಂಡಿದ್ರು?"

ಹರ್ಷವರ್ಧನ ತಮ್ಮ ಬೂಟು ನೋಡಿಕೊಂಡರು. "ಹೊರಗೆ ಗೊತ್ತಾದ್ರೆ ಕೆಲ್ಸ ನಿಲ್ಲತ್ತೆ ಅಂದೆ. ಯಾರಿಗೂ ಹೇಳಲ್ಲ ಅಂದ್ರು. ಈಗ ಆ ಮಷಿನ್ ಚಿಕ್ಕಮಗಳೂರೂ ಸೇರಿ ಸುಮಾರು ಆಸ್ಪತ್ರೇಲಿದೆ."

"ನಿಮ್ಮ ಹೆಸ್ರಲ್ಲಿ?"

ಕೃಷ್ಣಮ್ಮ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡರು.

ಜಲಜಾ ತಟ್ಟೆ ಎತ್ತಿಕೊಂಡು ಚಾಪೆಯ ಪಕ್ಕ ಕೂತಳು. ಮಗಳನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡಳು. ಪ್ರೇಮಲತಾಳ ಮುಖ ನೇರ ಆಕಾಶಕ್ಕಿತ್ತು. ಜಲಜಾ ಅದನ್ನು ತಮ್ಮಿಂದ ಆಚೆಗೆ, ಮನೆಯ ಕಿಟಕಿಯ ಕಡೆಗೆ ತಿರುಗಿಸತೊಡಗಿದಳು. ಸೆಟೆದ ಕತ್ತು ಸುಲಭಕ್ಕೆ ಬಗ್ಗಲಿಲ್ಲ.

"ಏನ್ ಮಾಡ್ತಿದೀಯೇ? ಮುಖ ನೆಟ್ಟಗಿರ್ಲಿ!" ಎಂದ ದಯಾನಂದ.

"ಬೇಡ. ಹೀಗಿದ್ರೇ ಕಾಣೋದು."

ಬಾಯಿಗೆ ಹಾಕಿದ ಅಕ್ಕಿ ಓರೆಯಾದ ತುಟಿಯಿಂದ ಜಾರಿ ಚಾಪೆಗೆ ಉದುರಿತು. ಜಲಜಾ ಆರಿಸಿ ಆರಿಸಿ ಮತ್ತೆ ಹಾಕಿದಳು. ಅದು ಮತ್ತೆ ಉದುರಿತು.

ಲೇಸರಿನ ಸ್ವಿಚ್ ಒತ್ತಿದ್ದು ಯಾರೆಂದು ಆ ದಿನ ಯಾರೂ ಕೇಳಲಿಲ್ಲ. ತೊಟ್ಟಿಲ ದಿನ, ಆ ಓರೆ ನೋಟದ ಅಂಚಿನಲ್ಲಿ, ಮಗುವಿನ ಮುಖ ಪ್ರೇಮಲತಾಳಿಗೆ ಕಂಡಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.