ಬಟ್ಟೆಯ ಕೋಣೆಗೆ ಬಂದ ನೀರು

ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದೇ ಕಟ್ಟಳೆ: ಬಟ್ಟೆ ಇರುವ ಕೋಣೆಗೆ ನೀರು ಬರಕೂಡದು. ಹಿಂದೊಮ್ಮೆ ಯಾರೋ ಲೋಟ ಉರುಳಿಸಿ, ಮದುವೆಯ ರೇಷ್ಮೆ ಕಲೆಯಾಗಿ, ಗಿರಾಕಿ ನನ್ನ ಜನ್ಮ ಜಾಲಾಡಿಬಿಟ್ಟಿದ್ದಳು. ಅಂದಿನಿಂದ ಬಾಯಾರಿದವರು ಎದ್ದು ಹಿಂದಿನ ಕೋಣೆಗೆ ಹೋಗಿಯೇ ಕುಡಿಯಬೇಕು. ಸೊಸೆಗೂ ವಿನಾಯಿತಿ ಇಲ್ಲ. ನನ್ನ ಬಾಯಿ ಜೋರು, ಬಲ್ಲವರೆಲ್ಲ ಬಲ್ಲರು.

ಸೊಸೆಗೆ ಎಚ್‌ಐವಿ ಇದೆ. ಮದುವೆಗೆ ಮೊದಲೇ ಮಗನ ಮುಂದೆ, ನನ್ನ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿ ಈ ಮನೆಗೆ ಬಂದವಳು. ದಿನಕ್ಕೊಂದು ಮಾತ್ರೆ, ಅಂಗಡಿ ಬಾಗಿಲು ತೆರೆದ ಕೂಡಲೇ. ವರ್ಷಗಳಿಂದ ಅವಳ ರಕ್ತದಲ್ಲಿ ವೈರಸ್ ಪತ್ತೆಯೇ ಆಗುತ್ತಿರಲಿಲ್ಲ. ಡಾಕ್ಟರಮ್ಮ ಧೈರ್ಯ ಕೊಟ್ಟ ಮೇಲೆಯೇ ಬಸುರಿಯಾದಳು.

ಎಲ್ಲ ಸರಿಯಿತ್ತು. ಆಮೇಲೆ ಒಂದು ಪರೀಕ್ಷೆಯಲ್ಲಿ ವೈರಸ್ ಮತ್ತೆ ತಲೆಯೆತ್ತಿತು.

"ಮಗುವಿಗೆ ದಾಟಬಾರದು ಅಂದ್ರೆ ಇದು ಇಳೀಲೇಬೇಕು" ಎಂದರು ಡಾಕ್ಟರಮ್ಮ. "ಮಾತ್ರೆ ತಪ್ಪಿಸ್ತಿದೀಯೇನಮ್ಮ? ನಿಜ ಹೇಳು, ಬೈಯಲ್ಲ."

ಸೊಸೆ ಕಣ್ಣಲ್ಲಿ ನೀರು ತುಂಬಿಕೊಂಡು ಇಲ್ಲವೆಂದು ತಲೆಯಾಡಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಅವಳ ಮೇಲೆ ಇಲ್ಲದ್ದು ಹೊರಿಸಬೇಡಿ ಡಾಕ್ಟ್ರೇ. ಒಂದು ದಿನ ತಪ್ಪಿಸಿಲ್ಲ, ನಾನೇ ಕಣ್ಣಾರೆ ನೋಡ್ತೀನಿ. ಪಾಪ, ಸೊಂಟ ನೋವು, ನೀರಿಗೆ ಎದ್ದು ಹೋಗೋಕಾಗಲ್ಲ. ಆದ್ರೂ ಬಿಡ್ತಾಳಾ? ಎದೆಯುರಿಗೆ ಅಂತ ಬಿಳೀ ಔಷಧಿ ಬಾಟಲಿ ಪಕ್ಕದಲ್ಲೇ ಇಟ್ಕೊಂಡಿದಾಳೆ. ಅದನ್ನೇ ಒಂದು ಗುಟುಕು ಕುಡಿದು ಮಾತ್ರೆ ನುಂಗ್ತಾಳೆ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಆ ಔಷಧಿ ಯಾರು ಕೊಟ್ಟಿದ್ದು?"

"ನಾನೇ ಮೆಡಿಕಲ್ ಶಾಪಲ್ಲಿ ತಗೊಂಡೆ" ಎಂದಳು ಸೊಸೆ. "ಬಟ್ಟೆ ಹತ್ರ ನೀರು ತರೋ ಹಾಗಿಲ್ಲ. ಈ ಬಾಟಲಿಗಾದ್ರೆ ಗಟ್ಟಿ ಮುಚ್ಚಳ ಇದೆ. ಇದೂ ಔಷಧೀನೇ ತಾನೇ ಅಂದ್ಕೊಂಡೆ."

"ಆ ಕಟ್ಟಳೆ ನಂದೇ ಡಾಕ್ಟ್ರೇ" ಎಂದೆ.

"ಆ ಬಿಳೀ ಔಷಧಿ ನಿನ್ನ ಮಾತ್ರೇನ ಹೊಟ್ಟೇಲೇ ಹಿಡಿದು ನಿಲ್ಲಿಸಿಬಿಡುತ್ತೆ, ರಕ್ತಕ್ಕೆ ಸರಿಯಾಗಿ ಸೇರೋಕೆ ಬಿಡಲ್ಲ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. "ಮೊದಲು ಮಾತ್ರೆ, ನೀರಲ್ಲಿ. ಎದೆಯುರಿ ಔಷಧಿ ಬೇಕೇಬೇಕು ಅಂದ್ರೆ ಎರಡು ಗಂಟೆ ಬಿಟ್ಟು. ಅದನ್ನ ಮೊದಲೇ ಕುಡಿದುಬಿಟ್ಟಿದ್ರೆ ಮಾತ್ರೆಗೆ ಆರು ಗಂಟೆ ಕಾಯಬೇಕು. ರಕ್ತ ಆಗೋಕೆ ಕೊಡೋ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಏನೇ ಹೊಸದು ತಗೊಂಡ್ರೂ ನಮ್ಮನ್ನ ಕೇಳು. ಮಾತ್ರೆ ನಿಲ್ಲಿಸೋ ಯೋಚನೆ ಮಾತ್ರ ಬೇಡ. ಇದೇ ಕಾರಣ ಅನ್ಸುತ್ತೆ. ಮತ್ತೆ ರಕ್ತ ನೋಡಿ ಖಚಿತ ಮಾಡ್ಕೊಳ್ಳೋಣ."

ಮರುದಿನ ಬಾಗಿಲು ತೆರೆದವಳೇ ನಾನು ಲೋಟ ತುಂಬ ನೀರು ತಂದು ಸೊಸೆಯ ಮಷೀನಿನ ಪಕ್ಕ ಕುಕ್ಕಿದೆ. ಅವಳು ದೆವ್ವ ಕಂಡವಳ ಹಾಗೆ ನನ್ನನ್ನು ನೋಡಿದಳು.

"ಏನು ನೋಡ್ತೀಯ, ನುಂಗು" ಎಂದೆ.

ಆ ದಿನಗಳನ್ನು ಹೇಗೆ ಕಳೆದೆವೋ ನಮಗೇ ಗೊತ್ತು. ಮೃದುವಾದ ಹತ್ತಿಬಟ್ಟೆ ತಂದು ಕಪಾಟಿನಲ್ಲಿಟ್ಟಿದ್ದೆ, ಕೂಸಿನ ಅಂಗಿಗೆಂದು. ಅದನ್ನು ಕತ್ತರಿಸಲು ಕೈ ಬರಲಿಲ್ಲ. ಹೆದರಿಕೆ ನನಗೆ, ಸುಳ್ಳೇಕೆ. ಮಗ ಕೇಳಿದರೆ ಪುರುಸೊತ್ತಿಲ್ಲ ಎಂದು ಸಿಡುಕುತ್ತಿದ್ದೆ.

ಹೆರಿಗೆಗೆ ಇನ್ನೂ ಸಮಯವಿರುವಾಗಲೇ ಹೊಸ ಪರೀಕ್ಷೆಯ ಫಲಿತಾಂಶ ಬಂತು. ವೈರಸ್ ಪತ್ತೆಯಾಗಿಲ್ಲ. "ಹೀಗೇ ಇದ್ರೆ ಮಗುವಿಗೆ ದಾಟೋ ಭಯ ತುಂಬಾ ಕಡಿಮೆ. ಹುಟ್ಟಿದ ಮೇಲೆ ಅದಕ್ಕೂ ಔಷಧಿ ಕೊಡ್ತೀವಿ, ಪರೀಕ್ಷೆ ಮಾಡ್ತೀವಿ" ಎಂದು ಡಾಕ್ಟರಮ್ಮ ನಕ್ಕರು. ಸೊಸೆ ನನ್ನ ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ನಾನೂ ಅತ್ತೆ.

ಅಂಗಡಿಗೆ ಬಂದವಳೇ ಕಪಾಟಿನಿಂದ ಆ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿ, ಕತ್ತರಿ ಎತ್ತಿಕೊಂಡೆ. ಬೆಳಗ್ಗೆಯ ಲೋಟ ಅಲ್ಲೇ ಇತ್ತು. ಸೊಸೆ ಗಾಬರಿಯಿಂದ ಎತ್ತಿಕೊಳ್ಳಲು ಬಂದಳು.

"ಇರಲಿ ಬಿಡೇ."

"ಚೆಲ್ಲಿದ್ರೆ, ಅತ್ತೆ?"

"ಚೆಲ್ಲಿದ್ರೆ ಚೆಲ್ಲಲಿ. ಇದನ್ನ ಹಾಕ್ಕೊಳ್ಳೋ ಗಿರಾಕಿ ಹೇಗಿದ್ರೂ ದಿನಾ ಒದ್ದೆ ಮಾಡೋದೇ."