ಮಂಚಮ್ಮನ ಸಾಸಿವೆ ದಿಂಬು

ನಮ್ಮೂರಲ್ಲಿ ಕೂಸು ಹುಟ್ಟಿದರೆ ಮೊದಲು ಓಡುವವಳು ಬಾಣಂತಿಯ ತಾಯಿ, ಅವಳ ಹಿಂದೆ ನಾನು. ಆಶಾ ಕಾರ್ಯಕರ್ತೆ ಶಿವಲಕ್ಷ್ಮಿ ಅಂದರೆ ಗುಂಡ್ಲುಪೇಟೆ ಕಡೆಯ ಈ ನಾಲ್ಕು ಬೀದಿಗೂ ಬಾಯಿಬಡುಕಿ ಅಂತಲೇ ಲೆಕ್ಕ. ಅನ್ನಲಿ, ಸುಮ್ಮನಿರುವುದಕ್ಕೆ ನನ್ನನ್ನು ನೇಮಿಸಿಲ್ಲ.

ಮಂಚಮ್ಮನ ಮಗಳು ತೇಜಸ್ವಿನಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಹೆತ್ತು ತವರಿಗೆ ಬಂದಳು. ಹೆಣ್ಣುಕೂಸು. ತಿಂಗಳು ತುಂಬುವ ಮುಂಚೆಯೇ ಹುಟ್ಟಿದ್ದು, ತೂಕ ಎರಡು ಕೆಜಿ. ತೇಜಸ್ವಿನಿಯ ಮೊದಲ ಗಂಡುಕೂಸು ಎರಡು ತಿಂಗಳಿಗೇ, ಯಾವ ಕಾಯಿಲೆಯೂ ಇಲ್ಲದೆ, ಮಲಗಿದ್ದಲ್ಲೇ ತೀರಿಕೊಂಡಿತ್ತು. ಮನೆಯಲ್ಲಿ ಮಂಚಮ್ಮನ ಗಂಡ ಗುರುಮಲ್ಲಯ್ಯನ ಬೀಡಿ ಬೇರೆ. ಇಂಥ ಕೂಸುಗಳ ಮೇಲೆ ಹೆಚ್ಚು ಕಣ್ಣಿಡಬೇಕು ಅಂತ ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ನನ್ನ ಪುಸ್ತಕದಲ್ಲಿ ಅದರ ಮುಂದೆ ಮೂರು ಕೆಂಪು ಗೀಟು ಬಿದ್ದವು.

ಹೋಗಿ ನೋಡಿದರೆ, ತಲೆ ಗುಂಡಗಾಗಲಿ ಅಂತ ಹೊಲಿದ ಸಾಸಿವೆ ದಿಂಬಿನ ಮೇಲೆ ಕೂಸು, ಕೂಸಿನ ಮೇಲೆ ಕಂಬಳಿ.

"ದಿಂಬು ತೆಗಿ ಮಂಚಕ್ಕ, ಕಂಬಳೀನೂ ಬ್ಯಾಡ. ಅಂಗಾತ ಮಲಗ್ಸಿ, ಬೋರ್ಲು ಬ್ಯಾಡ. ಬೀಡಿ ಹೊಗೆ ಈ ಕಡೆ ಸುಳೀಬಾರ್ದು."

"ತಲೆ ಸೊಟ್ಟಗಾದ್ರೆ ನಾಳೆ ನೀ ಬಂದು ಗಂಡು ಉಡುಕ್ತೀಯಾ?"

"ಮೊದ್ಲು ಕೂಸು ಉಳೀಲಿ" ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ತೇಜಸ್ವಿನಿ ಗೋಡೆ ಕಡೆ ತಿರುಗಿದಳು.

ಮಂಚಮ್ಮ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಬೈಯುತ್ತಾಳೆ ಅಂದುಕೊಂಡೆ. "ಆವತ್ತು ಆ ಮೊದಲ್ನೇ ಕೂಸ ಬೋರ್ಲು ಮಲಗ್ಸಿದ್ದು ನಾನೇ ಕಣವ್ವ. ಒಟ್ಟೆನೋವು ಇಳೀಲಿ ಅಂತ. ಯಾರ್ಗೂ ಏಳಿಲ್ಲ" ಅಂದಳು.

ನನಗೂ ಅಳು ಬಂತು. ಅದರಿಂದಲೇ ಹಾಗಾಯಿತು ಅಂತ ಡಾಕ್ಟರೂ ಹೇಳಲಾರರು, ನೀನು ಗೊತ್ತಿದ್ದು ಮಾಡಿದ್ದಲ್ಲ ಅಂದೆ. ಅವಳು ಒಪ್ಪಲಿಲ್ಲ. ಒಳಗೆ ಹೋಗಿ ದಿಂಬನ್ನು ಅಟ್ಟಕ್ಕೆಸೆದು, "ಈ ಕೂಸ ಮಾತ್ರ ನನ್ ಕೈಲಿ ಮಲಗ್ಸಕಿಲ್ಲ" ಅಂದಳು.

ಹಾಗೇ ಮಾಡಿದಳು ಕೂಡ. ಎರೆಯುತ್ತಾಳೆ, ಆಡಿಸುತ್ತಾಳೆ, ಕೂಸಿನ ಕಣ್ಣು ಎಳೆಯಿತೋ ಮಗಳ ಕೈಗಿಟ್ಟು ಎದ್ದು ಹೋಗುತ್ತಾಳೆ.

ಇನ್ನೊಂದು ದಿನ ಹೇಳದೆ ಕೇಳದೆ ಹೋದೆ. ಗುರುಮಲ್ಲಯ್ಯ ನಲ್ಲಿ ಹತ್ತಿರ ಸೋಪು ಉಜ್ಜುತ್ತಿದ್ದಾನೆ, ಹೊಸ್ತಿಲಲ್ಲಿ ಮಂಚಮ್ಮ ಪೊರಕೆ ಹಿಡಿದು ನಿಂತಿದ್ದಾಳೆ.

"ಬಾಯ್ ಬುಡಿ, ನೋಡನ." ಮೂಸಿದಳು. "ಆಗಕಿಲ್ಲ. ಅಂಗೀನೂ ಬದಲಾಯ್ಸಿ ಬನ್ನಿ."

"ಲಗ್ನದಲ್ಲೂ ಇಷ್ಟು ತೊಳ್ಕೊಂಡಿರ್ನಿಲ್ಲ ಕಣಮ್ಮಿ" ಅಂತ ಮುದುಕ ನನಗೆ ದೂರು ಹೇಳಿದ. ಮೂರನೇ ತಿಂಗಳಿಗೆ, ತೊಳೆದೂ ತೊಳೆದೂ ಸಾಕಾಗಿ, ಬೀಡಿಯನ್ನೇ ಬಿಟ್ಟ. ನಾನು ಹತ್ತು ವರ್ಷ ಭಾಷಣ ಬಿಗಿದರೂ ಆಗದ ಕೆಲಸ ಅದು.

ಐದು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ನನ್ನೆದುರೇ ಕೂಸು ಚಾಪೆಯ ಮೇಲೆ ಬೋರಲು ಬಿತ್ತು. ಮಂಚಮ್ಮ ಹಾರಿ ಬಂದು ಅಂಗಾತ ಮಾಡಿದಳು. ಮತ್ತೆ ಬೋರಲು. ಮತ್ತೆ ಅಂಗಾತ. ಮೂರನೇ ಸಲ ಕೂಸು ತಲೆಯೆತ್ತಿ ಅಜ್ಜಿಯನ್ನು ನೋಡಿ ಕೇಕೆ ಹಾಕಿತು, ಆಮೇಲೆ ತಾನಾಗೇ ಹೊರಳಿ ಅಂಗಾತವಾಯಿತು.

"ಈಗೇನ್ ಮಾಡ್ಲವ್ವ?" ಅಂದಳು.

"ಮಲಗ್ಸುವಾಗ ಅಂಗಾತವೇ ಮಲಗ್ಸು. ಆಮೇಲೆ ಅದೇ ಅತ್ತಿತ್ತ ಹೊರಳಿದ್ರೆ ಬುಡು. ಬೋರಲು ಬಿದ್ದದ್ದಕ್ಕೆ ಸಿಹಿ ಮಾಡಲ್ವಾ ಮಂಚಕ್ಕ?"

ಕೂಸು ಮೊದಲ ಸಲ ಬೋರಲು ಬಿದ್ದರೆ ಸಿಹಿ ಹಂಚುವುದು ವಾಡಿಕೆ. ಮೊದಲ ಕೂಸು ಅಲ್ಲಿಯವರೆಗೂ ಬಾಳದ ಆ ಮನೆಯಲ್ಲಿ ಆ ಮಾತು ಎತ್ತಲು ಎಲ್ಲರಿಗೂ ಭಯ. ಮಂಚಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಕಾಯಿ ಒಡೆದಳು.

ಹೋಳಿಗೆಯಾಯಿತು. ಚಿತ್ರಾನ್ನದ ಒಗ್ಗರಣೆಗೆ ಸಾಸಿವೆ ಸಾಲದಾದಾಗ ಅಟ್ಟದ ದಿಂಬು ಇಳಿಯಿತು. ಅವಳೇ ಹೊಲಿಗೆ ಬಿಚ್ಚಿ, ಕೇರಿ, ಎಣ್ಣೆಗೆ ಹಾಕಿದಳು. "ತಲೆ ಎಂಗೂ ಗುಂಡಗೇ ಅದೆ ಬುಡು" ಅಂದಳು.

ಉಂಡು ಮುಗಿಯುವಷ್ಟರಲ್ಲಿ ಕೂಸಿನ ಕಣ್ಣು ಎಳೆಯುತ್ತಿತ್ತು. ತೇಜಸ್ವಿನಿ ಕೈ ಚಾಚಿದಳು. ಮಂಚಮ್ಮ ಕೊಡಲಿಲ್ಲ. ತಾನೇ ಅಂಗಾತ ಮಲಗಿಸಿ, ಪಕ್ಕದಲ್ಲಿ ಕಾಲು ಚಾಚಿ ಕುಳಿತಳು. ಕೂಸಿಗೆ ವರ್ಷ ತುಂಬಿ ನನ್ನ ಪುಸ್ತಕದ ಗೀಟು ಅಳಿಸಲು ಇನ್ನೂ ತಿಂಗಳುಗಳಿದ್ದವು. ನಾನು ಅಲ್ಲೇ ನಿಂತಿದ್ದೆ.

"ನೀ ಓಗವ್ವ" ಅಂದಳು ಮಂಚಮ್ಮ, ಮೆಲ್ಲಗೆ. "ನಾನಿವ್ನಿ."