ಕರಿಕಲ್ಲ ಊರಿನ ತೂಗುತೋಟ

ಇಯಾನೆಟಾ ಮದುವೆಯಾಗಿ ಮಾಉಲಿಗೆ ಬಂದಾಗ ಅವಳ ಗಂಟಿನಲ್ಲಿ ನಾಲ್ಕು ಚಾಪೆಗಳ ಜೊತೆಗೆ ಒಂದು ಗರಗಸ, ಒಂದು ಸುತ್ತಿಗೆ, ಒಂದು ಬೈರಿಗೆ ಇದ್ದವು. ಚಾಪೆಗಳನ್ನು ನೆಂಟರೆಲ್ಲ ಬಿಚ್ಚಿ, ನೇಯ್ಗೆ ಮುಟ್ಟಿ ನೋಡಿ ಹೊಗಳಿದರು. ಗರಗಸ ಕಂಡಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳ ಅಪ್ಪ ದ್ವೀಪದ ಆಚೆ ದಂಡೆಯಲ್ಲಿ ದೋಣಿ ಮಾಡುವವನು. ಗಂಡುಮಕ್ಕಳಿಲ್ಲದ ಅವನಿಗೆ ಹಲಗೆಯ ಇನ್ನೊಂದು ತುದಿ ಹಿಡಿಯಲು ಇದ್ದವಳು ಇವಳೇ. ಹಿಡಿಯುತ್ತ ಹಿಡಿಯುತ್ತ ಕೊಯ್ಯುವುದನ್ನೂ ಕೊರೆಯುವುದನ್ನೂ ಕಲಿತಿದ್ದಳು.

ಮಾಉಲಿಯಲ್ಲಿ ನೆಲವೆಂಬುದೇ ಇರಲಿಲ್ಲ. ಮುತ್ತಜ್ಜಂದಿರ ಕಾಲದಲ್ಲಿ ಬೆಟ್ಟ ಕಾರಿದ ಬೆಂಕಿ ಕಡಲವರೆಗೂ ಹರಿದು, ಆರಿ, ಕರಿಕಲ್ಲಾಗಿ ಹಾಸಿಕೊಂಡಿತ್ತು. ಊರು ಆ ಕಲ್ಲಿನ ಮೇಲೆಯೇ ಮತ್ತೆ ಎದ್ದಿತ್ತು. ಬೇರೆಯವರ ಅಂಗಳದ ಬಿರುಕುಗಳಲ್ಲಿ ಒಂದಿಷ್ಟು ಮಣ್ಣು ಕೂಡಿ, ಅಲ್ಲಿ ದಾಸವಾಳವೋ ಕೆಂಪು ಶುಂಠಿಹೂವೋ ಬೇರು ಬಿಟ್ಟಿದ್ದವು. ಇಯಾನೆಟಾಳ ಗಂಡ ಪೆಲೆನಾಟೊನ ಮನೆ ಮುಂದೆ ಮಾತ್ರ ಒಂದೇ ಹಾಸುಬಂಡೆ. ಕಾಡಿನಿಂದ ಎಷ್ಟು ಬುಟ್ಟಿ ಮಣ್ಣು ಹೊತ್ತು ತಂದು ಸುರಿದರೂ ಒಂದು ಜೋರು ಮಳೆಗೆ ಎಲ್ಲ ಕಡಲು ಸೇರುತ್ತಿತ್ತು.

ಎರಡು ತಿಂಗಳಿಗೊಮ್ಮೆ ಊರ ಹೆಂಗಸರ ಸಮಿತಿ ಬಿಳಿ ಉಡುಪು ತೊಟ್ಟು, ಹುಲ್ಲಿನ ಟೋಪಿ ಇಟ್ಟು, ಮನೆ ಮನೆ ನೋಡಲು ಹೊರಡುತ್ತಿತ್ತು. ಚಾಪೆ, ಅಡುಗೆಮನೆ, ನೀರಿನ ತೊಟ್ಟಿ, ಕಕ್ಕಸು ಎಲ್ಲ ನೋಡಿದ ಮೇಲೆ ಕೊನೆಗೆ ಹೂವು. ಮನೆ ಮುಂದೆ ಹೂವಿಲ್ಲದಿದ್ದರೆ ಎದುರಿನ ಕಂಬಕ್ಕೆ ಒಂದು ಒಣ ತೆಂಗಿನಗರಿ ಕಟ್ಟಿ ಹೋಗುತ್ತಿದ್ದರು. ಮುಂದಿನ ಸಲ ಬರುವವರೆಗೆ ಅದನ್ನು ಬಿಚ್ಚುವಂತಿಲ್ಲ. ಪೆಲೆನಾಟೊನ ಮನೆಯ ಕಂಬದಲ್ಲಿ ಗರಿ ಎಷ್ಟು ಕಾಲದಿಂದ ಇತ್ತೆಂದರೆ, ದಾರಿ ಕೇಳಿದವರಿಗೆ ಜನ, "ಒಣಗರಿ ಮನೆ ದಾಟಿ ಎಡಕ್ಕೆ ತಿರುಗಿ" ಎಂದೇ ಹೇಳುತ್ತಿದ್ದರು.

ಪೆಲೆನಾಟೊಗೆ ಅದು ರೂಢಿಯಾಗಿತ್ತು. ಅವನ ಅಪ್ಪ ಅಟೊನಿಯೊ ಮುದುಕ ಕಂಬಕ್ಕೆ ಒರಗಿ ದಿನವಿಡೀ ತೊಡೆಯ ಮೇಲೆ ತೆಂಗಿನ ನಾರಿನ ಹುರಿ ಹೊಸೆಯುತ್ತ, "ಗರಿಗೂ ನಮಗೂ ನೆಂಟಸ್ತನ ಆಗೋಗಿದೆ" ಎಂದು ನಗುತ್ತಿದ್ದ. ಇಯಾನೆಟಾಗೆ ನಗು ಬರಲಿಲ್ಲ. ಸಮಿತಿಯ ಅಧ್ಯಕ್ಷೆ ಕೊಲೊಟಿಟಾ ಹೊಸ ಸೊಸೆಯ ಕಣ್ಣೆದುರೇ ಗರಿಯನ್ನು ಬಿಗಿಯಾಗಿ ಕಟ್ಟಿ, "ನಿನ್ನ ತಪ್ಪೇನಿಲ್ಲ ಬಿಡಮ್ಮ. ಈ ಮನೆ ಹಣೆಬರಹವೇ ಇಷ್ಟು" ಎಂದು ಹೇಳಿ ಹೋದ ದಿನ, ಇದಕ್ಕೊಂದು ದಾರಿ ಮಾಡಿಯೇ ತೀರುತ್ತೇನೆಂದು ಅವಳು ನಿಶ್ಚಯಿಸಿದಳು. ದಾರಿ ಇದ್ದೇ ಇರುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಆ ವಾರವೇ ಅಂಗಡಿಯ ಸೆಫೊ ಹಿತ್ತಲಲ್ಲಿ ಪ್ಯಾಲೆಟ್ಟುಗಳನ್ನು ಒಟ್ಟಿ ಸುಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಹಡಗಿನಲ್ಲಿ ಬರುವ ಹಿಟ್ಟಿನ ಮೂಟೆಗಳ ಅಡಿಗೆ ಹಾಕುವ ಹಲಗೆಕಟ್ಟುಗಳು ಅವು. ಇನ್ನೂ ಬೆಂಕಿ ತಾಗದ ಒಂದನ್ನು ಅವಳು ಕಾಲಿನಿಂದ ಎಳೆದುಕೊಂಡಳು.

"ಇದನ್ನ ಯಾಕೆ ಸುಡ್ತೀಯಣ್ಣ?"

"ಮತ್ತೇನು ಪೂಜೆ ಮಾಡ್ಲಾ? ಗೆದ್ದಲು ಹಿಡಿಯೋ ಮರ."

"ಹಾಗಾದ್ರೆ ನಂಗೆ ಕೊಡು."

"ತಗೊಂಡೋಗು. ಆಮೇಲೆ ವಾಪಸ್ ತಂದು ನನ್ನ ಬಾಗಿಲಿಗೆ ಹಾಕ್ಬೇಡ ಅಷ್ಟೆ."

ಮೂರು ಪ್ಯಾಲೆಟ್ಟುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದಳು. ಎದುರಿನಿಂದ ಬಡಿದರೆ ಇಂಥ ಹಲಗೆ ಸೀಳುತ್ತದೆಂದು ಅವಳಿಗೆ ಗೊತ್ತಿತ್ತು. ಹಿಂದಿನಿಂದ, ಮೊಳೆಯ ಹತ್ತಿರವೇ, ಸಣ್ಣಗೆ ತಟ್ಟುತ್ತ ಬಿಡಿಸಿದಳು. ಸೊಟ್ಟ ಮೊಳೆಗಳನ್ನು ಬಂಡೆಯ ಮೇಲಿಟ್ಟು ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿದಳು. ಹಲಗೆಗಳನ್ನು ಮೊಳದುದ್ದಕ್ಕೆ ಕೊಯ್ದು, ಪ್ರತಿಯೊಂದರ ತುದಿಗೂ ಅಪ್ಪ ದೋಣಿಯ ಮೂತಿಗೆ ಕೊಡುತ್ತಿದ್ದಂಥ ಓರೆ ಕೊಟ್ಟಳು. ಹವಳದ ಕಲ್ಲಿನಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರಿದಾಗ ಆ ಬಡ ಮರದೊಳಗಿಂದ ಜೇನಿನ ಬಣ್ಣ ಎದ್ದು ಬಂತು. ಆಮೇಲೆ ಎರಡು ಪಟ್ಟಿ ಉದ್ದಕ್ಕೆ, ಅದರ ಮೇಲೆ ಎರಡು ಅಡ್ಡಕ್ಕೆ, ಮತ್ತೆರಡು ಉದ್ದಕ್ಕೆ, ಹೀಗೆ ಐದು ಸುತ್ತು ಪೇರಿಸಿ ಮೊಳೆ ಹೊಡೆದು ಒಂದು ಪೆಟ್ಟಿಗೆ ಮಾಡಿದಳು. ತಳಕ್ಕೂ ಪಟ್ಟಿ ಬಡಿದು, ನೀರು ಇಳಿಯಲೆಂದು ಅವುಗಳ ನಡುವೆ ಬೆರಳಗಲ ಸಂದು ಬಿಟ್ಟಳು. ನಾಲ್ಕು ಮೂಲೆಗೂ ಬೈರಿಗೆಯಿಂದ ತೂತು ಕೊರೆದಳು.

ಅಟೊನಿಯೊ ಹುರಿ ಹೊಸೆಯುತ್ತಲೇ ಎಲ್ಲ ನೋಡುತ್ತಿದ್ದ. "ಪಾರಿವಾಳ ಸಾಕ್ತೀಯೇನಮ್ಮಾ?"

"ತೋಟ ಮಾಡ್ತಿದೀನಿ ಮಾವ."

"ಓಹೋ. ತೋಟಕ್ಕೆ ಬೇಲಿ ಮೊದಲು ಕಟ್ಟಿಬಿಟ್ಯೋ?"

"ನೆಲ ನಮಗೆ ಜಾಗ ಕೊಡ್ಲಿಲ್ಲ. ಗಾಳಿ ಏನು ಬೇಡ ಅಂದಿದ್ಯಾ?"

ತೆಂಗಿನಗರಿಯ ಬುಡದಲ್ಲಿ ಬಟ್ಟೆಯಂತೆ ಸುತ್ತಿಕೊಂಡಿರುವ ನಾರಿನ ಜಾಲರಿಯನ್ನು ಒಳಗೆ ಹಾಸಿ, ಕೊಳೆತ ಎಲೆ ಬೆರೆಸಿದ ಕಾಡುಮಣ್ಣು ತುಂಬಿ, ಒಂದು ಜರೀಗಿಡವನ್ನೂ ಮೇಲಿಂದ ಇಳಿಬೀಳುವ ನೀಲಿಹೂವಿನ ಬಳ್ಳಿಯನ್ನೂ ನೆಟ್ಟಳು. ಗಂಡನ ಮೀನು ಹಿಡಿಯುವ ದಾರ ಕಟ್ಟಿ ಸೂರಿನ ತೊಲೆಗೆ ತೂಗುಹಾಕಿದಳು. ಪೆಲೆನಾಟೊ ಕಾಫಿ ಲೋಟ ಹಿಡಿದು ಬಂದು ನಿಂತು, "ಪರವಾಗಿಲ್ವೇ" ಎನ್ನುವಷ್ಟರಲ್ಲಿ, ಒದ್ದೆ ಮರವನ್ನು ದಾರ ಬೆಣ್ಣೆಯಂತೆ ಕೊಯ್ದು, ಪೆಟ್ಟಿಗೆ ಬಂಡೆಯ ಮೇಲೆ ಬಿದ್ದು ಚೆಲ್ಲಾಪಿಲ್ಲಿಯಾಯಿತು. ಅವನು ನಕ್ಕ ನಗೆಗೆ ಕಾಫಿ ಮೂಗಿಗೇರಿತು.

"ನಕ್ಕು ಮುಗೀತಾ?" ಎಂದಳು ಇಯಾನೆಟಾ. "ಮುಗಿದಿದ್ರೆ ಆ ಹಲಗೆ ಆರಿಸಿಕೊಡು."

ಮುದುಕ ಮಾತ್ರ ನಗಲಿಲ್ಲ. ತಾನು ಹೊಸೆದಿದ್ದ ಹುರಿಯ ಉಂಡೆಯನ್ನು ಅವಳ ಕಡೆಗೆ ಉರುಳಿಸಿದ. "ಮೀನಿನ ದಾರ ಮೀನಿಗೆ. ಭಾರ ಹೊರೋದಕ್ಕೆ ಇದು. ಮನೆ ತೊಲೆನೇ ಇದರಲ್ಲಿ ಕಟ್ಟಿದೆ, ನಾಲ್ಕು ಬಿರುಗಾಳಿ ಕಂಡಿದೆ. ಬರೀ ಮೂಲೆಗೆ ನೇತುಹಾಕ್ಬೇಡ, ತಳದ ಕೆಳಗೆ ಅಡ್ಡಪಟ್ಟಿ ಕೊಟ್ಟು, ಅದನ್ನ ಹೊತ್ತುಕೊಳ್ಳೋ ಹಾಗೆ ಹುರಿ ಸುತ್ತಿ, ಮೂಲೆ ತೂತಿಂದ ಮೇಲಕ್ಕೆ ತೆಗಿ."

ಅವಳು ಹಾಗೆಯೇ ಮಾಡಿದಳು. ಆಮೇಲೆ ಪೆಲೆನಾಟೊ ಅದನ್ನು ಹಿಡಿದು ಜೋತುಬಿದ್ದು ನೋಡಿದರೂ ಅದು ಜಗ್ಗಲಿಲ್ಲ. ಎರಡು ತಿಂಗಳು ತುಂಬುವ ಹೊತ್ತಿಗೆ ಮನೆಯ ಸೂರಿನ ಸುತ್ತ ಒಂಬತ್ತು ಪೆಟ್ಟಿಗೆಗಳು ತೂಗುತ್ತಿದ್ದವು.

ಸಮಿತಿ ಬಂತು. ಹೆಂಗಸರು ಕತ್ತೆತ್ತಿ ನೋಡಿ, ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಒಬ್ಬಳು ಇಳಿಬಿದ್ದ ಬಳ್ಳಿಯನ್ನು ಬೆರಳಿಂದ ಮುಟ್ಟಿ ಮುಗುಳ್ನಕ್ಕಳು. ಕೊಲೊಟಿಟಾ ಕನ್ನಡಕ ಏರಿಸಿ, ಕೈಯಲ್ಲಿದ್ದ ಪುಸ್ತಕ ತೆರೆದು, ಮತ್ತೆ ಮುಚ್ಚಿದಳು.

"ಚೆನ್ನಾಗಿದೆಯಮ್ಮ. ಆದ್ರೆ ಹೂದೋಟ ಅಂದ್ರೆ ನೆಲದಲ್ಲಿ ಬೇರು ಬಿಟ್ಟಿರ್ಬೇಕು. ಇದು ತೊಟ್ಟಿಲು."

"ತೊಟ್ಟಿಲಲ್ಲಿರೋ ಮಗು ಮಗು ಅಲ್ವಾ ಅಧ್ಯಕ್ಷಮ್ಮ?"

ಹಿಂದಿದ್ದವರಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಕೊಲೊಟಿಟಾ ತಿರುಗಿ ನೋಡಿದಳು, ಕೆಮ್ಮು ನಿಂತಿತು. ಒಣಗರಿ ಮತ್ತೆ ಕಂಬ ಏರಿತು.

"ಬೇಜಾರಾಯ್ತಾ?" ಎಂದು ಪೆಲೆನಾಟೊ ಆ ಸಂಜೆ ಕೇಳಿದ.

"ಯಾಕೆ? ಅವರ ಕಣ್ಣು ನೋಡಿದೆ. ಹಿಡಿಸಿದೆ ಅವರಿಗೆ. ಬಾಯಿಗೆ ಬರೋಕೆ ಸ್ವಲ್ಪ ದಿನ ಬೇಕು ಅಷ್ಟೆ." ಮರುದಿನ ಅವಳು ಸೆಫೊನ ಹಿತ್ತಲಿಗೆ ಹೋಗಿ ಇನ್ನೆರಡು ಪ್ಯಾಲೆಟ್ ಹೊತ್ತು ತಂದಳು.

ಮೂರು ವಾರ ಕಳೆಯಿತು. ರಾಜಧಾನಿಯಿಂದ ಬರುವ ದೊಡ್ಡ ತಪಾಸಣೆಯವರು ಗುರುವಾರ ಮಾಉಲಿಗೆ ಬರುತ್ತಾರೆಂದು ಸುದ್ದಿಯಾಯಿತು. ಅಂದವಾದ ಊರು ಯಾವುದೆಂದು ಕರಾವಳಿಯ ಹದಿನಾಲ್ಕು ಊರುಗಳ ನಡುವೆ ಪೈಪೋಟಿ. ಊರವರು ಅಂಗಳ ಗುಡಿಸಿ, ಕಲ್ಲುಗಳಿಗೆ ಸುಣ್ಣ ಬಳಿದರು. ಅದಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ಎಲ್ಲರೂ ಇಗರ್ಜಿಯಲ್ಲಿದ್ದರು. ಅತಿಥಿ ಪಾದ್ರಿಯ ಪ್ರವಚನ ನಿಲ್ಲುವ ಲಕ್ಷಣ ಕಾಣಲಿಲ್ಲ. ಅದೇ ಹೊತ್ತಿಗೆ ಕೊಲೊಟಿಟಾಳ ಮನೆಯ ಹಂದಿಗಳು ಹೊರಬಿದ್ದವು. ಹಿಂದಿನ ದಿನ ಅವಳ ಗಂಡ ನೀರಿನ ಪೀಪಾಯಿ ಉರುಳಿಸಲೆಂದು ಹಂದಿದೊಡ್ಡಿಯ ಗೋಡೆಯ ನಾಲ್ಕು ಕಲ್ಲು ತೆಗೆದಿದ್ದ. ತಿರುಗಿ ಇಡುವುದನ್ನು ಮರೆತಿದ್ದ.

ಹಂದಿಗಳು ಹನ್ನೊಂದು. ಪ್ರವಚನ ಒಂದೂವರೆ ತಾಸು. ಜನ ಹೊರಬಂದು ನೋಡಿದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದು ಹೂವೂ ನಿಂತಿರಲಿಲ್ಲ. ಬಿರುಕುಗಳಲ್ಲಿದ್ದ ಮಣ್ಣನ್ನೆಲ್ಲ ಮೂತಿಯಿಂದ ಉತ್ತು, ಗಡ್ಡೆ ತಿಂದು, ಗಿಡಗಳನ್ನು ಬೇರುಸಹಿತ ಬಂಡೆಯ ಮೇಲೆ ಎಸೆದಿದ್ದವು. ಒಂದು ದೊಡ್ಡ ಹೆಣ್ಣುಹಂದಿ ಇಯಾನೆಟಾಳ ಮನೆಯ ಸೂರಿನ ಕೆಳಗೆ ಮೂತಿ ಎತ್ತಿ ನಿಂತಿತ್ತು. ಮೇಲೆ ಹದಿಮೂರು ಪೆಟ್ಟಿಗೆಗಳು ಗಾಳಿಗೆ ತೂಗುತ್ತಿದ್ದವು. ಹಂದಿಗೆ ನಿಲುಕುವಷ್ಟು ಕೆಳಗೆ ಒಂದೂ ಇರಲಿಲ್ಲ.

ಸಂಜೆಯ ಪ್ರಾರ್ಥನೆ ಮುಗಿಸಿ ಕೊಲೊಟಿಟಾ ಒಬ್ಬಳೇ ಬಂದಳು. ಚಾಪೆಯ ಮೇಲೆ ಕಾಲು ಮಡಿಸಿ ಕೂತು, ಅಟೊನಿಯೊನ ಮಂಡಿನೋವು ವಿಚಾರಿಸಿದಳು, ಹಲಸಿನ ಜಾತಿಯ ಬ್ರೆಡ್‌ಹಣ್ಣು ಈ ಸಲ ಹೇಗೆಂದು ಕೇಳಿದಳು, ಪಾದ್ರಿಯ ಧ್ವನಿ ಹೊಗಳಿದಳು. ಅವಳು ಏನು ಕೇಳಲು ಬಂದಿದ್ದಾಳೆಂದು ಮುದುಕನಿಗೆ ಗೊತ್ತಾಗಿತ್ತು. ಅವನು ಬೇಕೆಂದೇ ಮಾತನ್ನು ಎಳೆದ.

"ನಿಮ್ಮ ಮನೇಲಿ ಎಲ್ಲ ಕ್ಷೇಮಾನಾ ಕೊಲೊಟಿಟಾ? ಹಂದಿಗಳು ಹೊಟ್ಟೆತುಂಬ ಉಂಡ್ವಾ?"

ಕೊಲೊಟಿಟಾಳ ಕಿವಿ ಕೆಂಪಾಯಿತು. ಇಯಾನೆಟಾಗೆ ಅವಳ ಮುಖ ನೋಡಿ ಪಾಪ ಅನಿಸಿತು. ಇಡೀ ಊರು ಆ ದಿನ ಅವಳ ಮನೆಗೆ ಹಿಡಿಶಾಪ ಹಾಕಿತ್ತು. ಗಿಂಡಿಯಿಂದ ಬಿಸಿ ಕೋಕೋ ಬಗ್ಗಿಸಿ ಕೊಟ್ಟು, ನೇರವಾಗಿ ಕೇಳಿದಳು.

"ಅಧ್ಯಕ್ಷಮ್ಮ, ಊರಲ್ಲಿ ಒಟ್ಟು ಎಷ್ಟು ಮನೆ?"

"ಇಪ್ಪತ್ತಾರು."

"ನಮ್ಮದು ಬಿಟ್ರೆ ಇಪ್ಪತ್ತೈದು. ಮನೆಗೆ ಮೂರು ಅಂದ್ರೆ ಎಪ್ಪತ್ತೈದು ಪೆಟ್ಟಿಗೆ. ಮೂರು ದಿನ ಇದೆ. ಆಗುತ್ತೆ."

ಕೊಲೊಟಿಟಾ ಲೋಟವನ್ನು ಕೆಳಗಿಟ್ಟಳು. "ಎಪ್ಪತ್ತೈದು? ಮರ ಎಲ್ಲಿಂದ ಬರುತ್ತೆ?"

"ಯಾರ ಮನೇಲಿ ಏನು ಮುರಿದು ಬಿದ್ದಿದೆಯೋ ಎಲ್ಲ ತರೋಕೆ ಹೇಳಿ. ಹೊಸದು ಒಂದೂ ಬೇಡ. ಕಿತ್ತು ಬಿದ್ದಿರೋ ಗಿಡಗಳ ಬೇರನ್ನ ಈಗಲೇ ಒದ್ದೆ ಬಟ್ಟೇಲಿ ಸುತ್ತಿ ನೆರಳಲ್ಲಿ ಇಡೋಕೆ ಹೇಳಿ. ಅವು ಬದುಕ್ತವೆ. ಮಾವ, ಹುರಿ ಎಷ್ಟಿದೆ?"

"ನಂದು ಸಾಲ್ದು," ಎಂದ ಅಟೊನಿಯೊ. "ಆದ್ರೆ ಊರಲ್ಲಿ ಕೆಲಸವಿಲ್ಲದ ಮುದುಕರಿಗೇನು ಬರವಿಲ್ಲ."

ಸೋಮವಾರ ಹೊತ್ತು ಹುಟ್ಟುವ ಮೊದಲೇ ಹೆಂಗಸರ ಸಮಿತಿ ಸಭೆ ಸೇರುವ ಮನೆಯ ಮುಂದೆ ಮರದ ರಾಶಿ ಬಿತ್ತು. ಮುರಿದ ಬಾಗಿಲು, ಮೀನಿನ ಪೆಟ್ಟಿಗೆ, ಇಗರ್ಜಿಯ ಕಾಲು ಮುರಿದ ಬೆಂಚು, ಯಾರದೋ ಬಿರುಕುಬಿಟ್ಟ ದೋಣಿಯ ಪಕ್ಕೆ. ಸೆಫೊ ತನ್ನ ಗಾಡಿಯಲ್ಲಿ ಹದಿನೆಂಟು ಪ್ಯಾಲೆಟ್ಟುಗಳನ್ನು ತಾನೇ ತಂದು ಇಳಿಸಿದ. ಇಯಾನೆಟಾ ಸೊಂಟಕ್ಕೆ ಸುತ್ತಿದ್ದ ಲಾವಾಲಾವಾ ಬಟ್ಟೆಯನ್ನು ಎತ್ತಿ ಸಿಕ್ಕಿಸಿ, ಹೆಂಗಸರನ್ನು ನಾಲ್ಕು ಗುಂಪು ಮಾಡಿದಳು. ಒಂದು ಗುಂಪು ಮೊಳೆ ಕೀಳಬೇಕು, ಒಂದು ಕೊಯ್ಯಬೇಕು, ಒಂದು ಉಜ್ಜಬೇಕು, ಇನ್ನೊಂದು ಪೇರಿಸಿ ಬಡಿಯಬೇಕು. ತೂತು ಕೊರೆಯುವುದನ್ನು ಮಾತ್ರ ಅವಳು ಯಾರಿಗೂ ಕೊಡಲಿಲ್ಲ.

ಮೊದಲ ದಿನ ಹನ್ನೊಂದು ಪೆಟ್ಟಿಗೆಗಳಾದವು. ಅದರಲ್ಲಿ ನಾಲ್ಕು ಸೊಟ್ಟ. ಹೆಂಗಸರ ಮುಖ ಬಾಡಿತು. "ಇವತ್ತು ಕೈ ಕಲೀತು, ನಾಳೆ ಓಡುತ್ತೆ," ಎಂದಳು ಇಯಾನೆಟಾ. ಹೇಳಿದ ಹಾಗೆಯೇ ಮಂಗಳವಾರ ಇಪ್ಪತ್ತೊಂಬತ್ತಾದವು.

ಕೊಲೊಟಿಟಾ ಬಡಿಯುವ ಗುಂಪಿನಲ್ಲಿದ್ದಳು. ಟೋಪಿ ಎಲ್ಲೋ ಬಿದ್ದಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅವಳು ಕಟ್ಟಿದ ಗಂಟನ್ನು ಇಯಾನೆಟಾ ಬಿಚ್ಚಿ ಹಾಕಿದಳು.

"ಇದು ಹಂದಿ ಕಾಲು ಕಟ್ಟೋ ಗಂಟು ಅಧ್ಯಕ್ಷಮ್ಮ. ಎಳೆದ್ರೆ ಜಾರುತ್ತೆ."

ಎಲ್ಲರ ಸುತ್ತಿಗೆಯೂ ಒಮ್ಮೆಗೇ ನಿಂತಿತು. ಕೊಲೊಟಿಟಾ ಗಂಟನ್ನು ನೋಡಿದಳು, ಇಯಾನೆಟಾಳನ್ನು ನೋಡಿದಳು.

"ಅದಕ್ಕೇ ನೋಡು, ನಮ್ಮ ಹಂದಿಗಳು ಒಂದೂ ಕಟ್ಟಿದಲ್ಲಿ ನಿಲ್ಲಲ್ಲ," ಎಂದಳು. ಮೊದಲು ಅವಳೇ ನಕ್ಕಳು. ಆಮೇಲೆ ಆ ನಗು ಕಡಲದಂಡೆಯವರೆಗೆ ಕೇಳಿತು.

ಬುಧವಾರ ಸಂಜೆಗೆ ಎಪ್ಪತ್ತೆಂಟು ಪೆಟ್ಟಿಗೆಗಳಾಗಿದ್ದವು. ಗಂಡಸರು ಏಣಿ ಹಿಡಿದು ಮನೆ ಮನೆಗೆ ಹೋಗಿ ತೂಗುಹಾಕಿದರು. ಹಂದಿ ಕಿತ್ತ ದಾಸವಾಳದ ಕೊಂಬೆ, ಶುಂಠಿಹೂವಿನ ಮರಿ, ಕಾಡಿನ ಮರಗಳಿಂದ ಬಿಡಿಸಿ ತಂದ ಸೀತಾಳೆ ಹೂವಿನ ಗಿಡ, ಯಾವುದು ಸಿಕ್ಕಿತೋ ಅದು ಪೆಟ್ಟಿಗೆ ಏರಿತು. ಕೆಲವು ಇನ್ನೂ ಬಾಡಿದಂತೆಯೇ ಇದ್ದವು. ಪೆಟ್ಟಿಗೆಗಳ ಓರೆ ತುದಿಗಳು ಮಾತ್ರ ಸಾಲು ಸಾಲು ಸಣ್ಣ ದೋಣಿಗಳಂತೆ ಬಿಸಿಲಿಗೆ ಹೊಳೆಯುತ್ತಿದ್ದವು.

ಗುರುವಾರ ಬಂದ ತಪಾಸಣೆಯವರು ಊರಿನಲ್ಲಿ ಒಂದು ತಾಸು ಇರಬೇಕಿತ್ತು, ಮೂರು ತಾಸು ಇದ್ದರು. ಮಾಉಲಿಗೆ ಬಹುಮಾನ ಬಂತು, ಆದರೆ ಎರಡನೆಯದು. ಪಾದ್ರಿ ಮನೆಯ ನೀರಿನ ತೊಟ್ಟಿಗೆ ಮುಚ್ಚಳವಿರಲಿಲ್ಲವೆಂದು ಅಂಕ ಕಳೆದಿದ್ದರು. ಇದನ್ನು ಕೇಳಿದ ಊರಿಗೆ ಒಳಗೊಳಗೇ ಸಮಾಧಾನವಾಯಿತು, ಏಕೆಂದರೆ ಕೊಲೊಟಿಟಾಳ ಹಂದಿಗಳನ್ನು ಬಿಟ್ಟು ಬೈಯಲು ಈಗ ಬೇರೊಂದು ಸಿಕ್ಕಿತ್ತು.

ಶನಿವಾರ ಸಮಿತಿಯ ಸಭೆ ಸೇರಿತು. ತಮಗೆ ಮೀಸಲಾದ ಕಂಬಗಳಿಗೆ ಒರಗಿ ಹಿರಿಯ ಹೆಂಗಸರು ಕೂತಿದ್ದರು. ಹೊರಊರಿಂದ ಬಂದ ಸೊಸೆಯರು ಹಿಂದಿನ ಸಾಲಿನಲ್ಲಿದ್ದು ತಟ್ಟೆ ಲೋಟ ನೋಡಿಕೊಳ್ಳುವುದು ಪದ್ಧತಿ. ಇಯಾನೆಟಾ ಕೋಕೋ ಗಿಂಡಿ ಹಿಡಿದು ನಿಂತಿದ್ದಳು. ಕೊಲೊಟಿಟಾ ಪುಸ್ತಕ ತೆರೆದು, ಹೂವಿನ ನಿಯಮದಲ್ಲಿ 'ನೆಲದಲ್ಲಿ' ಎಂಬ ಮಾತಿನ ಪಕ್ಕಕ್ಕೆ 'ಅಥವಾ ಸೂರಿನಲ್ಲಿ' ಎಂದು ಬರೆದು, ಗಟ್ಟಿಯಾಗಿ ಓದಿದಳು. ಯಾರೂ ಬೇಡವೆನ್ನಲಿಲ್ಲ. ಆಮೇಲೆ ತನ್ನ ಪಕ್ಕದ ಕಂಬದ ಬುಡವನ್ನು ಅಂಗೈಯಿಂದ ತಟ್ಟಿದಳು.

"ಇಯಾನೆಟಾ, ಬಾ ಇಲ್ಲಿ ಕೂತ್ಕೋ. ಕೆಳಗಿನ ಊರಿನವರು ಬರ್ತಾ ಇದಾರೆ ಕಲಿಯೋಕೆ. ಎಷ್ಟು ಜನ ಬರ್ಬಹುದು, ಎಷ್ಟು ಮರ ತರ್ಬೇಕು, ನೀನೇ ಹೇಳ್ಬೇಕು."

"ಕೋಕೋ ಯಾರು ಬಗ್ಗಿಸ್ತಾರೆ ಅಧ್ಯಕ್ಷಮ್ಮ?"

ಕೊಲೊಟಿಟಾ ಎದ್ದು ಬಂದು ಅವಳ ಕೈಯಿಂದ ಗಿಂಡಿ ತೆಗೆದುಕೊಂಡು, ಹಿಂದೆ ಕೂತಿದ್ದ ತನ್ನ ಸ್ವಂತ ಮಗಳ ಕೈಗೆ ಕೊಟ್ಟಳು. ಇಯಾನೆಟಾ ಕಂಬಕ್ಕೆ ಬೆನ್ನು ಕೊಟ್ಟು, ಲಾವಾಲಾವಾ ಸರಿಮಾಡಿಕೊಂಡು ಕೂತಳು. "ಮೂವತ್ತು ಜನಕ್ಕಿಂತ ಜಾಸ್ತಿ ಒಂದೇ ಸಲ ಬೇಡ," ಎಂದು ಶುರು ಮಾಡಿದಳು. "ಒಬ್ಬೊಬ್ಬರೂ ಒಂದು ಸುತ್ತಿಗೆ ತರ್ಲಿ. ಸುತ್ತಿಗೆ ಇಲ್ದೇ ಬಂದವರಿಗೆ ಮೊಳೆ ಕೀಳೋ ಕೆಲಸ."